ಪರೀಕ್ಷೆಯ ನಾಲ್ಕು ಅಕ್ಷರಗಳಲ್ಲಿ ಎರಡು ಬದಲಾಗಿವೆ, ಹಾಗಾದರೆ ನಾನು ಯಾರು?

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 36 ವರ್ಷ. ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಎರಡು ವರ್ಷದ ಹಿಂದೆ ಆಫೀಸಿನ ತರಬೇತಿಯಲ್ಲಿ, ನಾಲ್ಕು ಅಕ್ಷರಗಳಲ್ಲಿ ಫಲಿತಾಂಶ ಬರುವ ವ್ಯಕ್ತಿತ್ವ ಪರೀಕ್ಷೆ ಮಾಡಿಸಿದರು. ನಾನು ಅಂತರ್ಮುಖಿ, ಭಾವನೆಯಿಂದ ತೀರ್ಮಾನ ಮಾಡುವವಳು ಎಂದು ಬಂತು. ವರದಿ ಓದಿದರೆ ಯಾರೋ ನನ್ನ ಡೈರಿ ಓದಿ ಬರೆದ ಹಾಗಿತ್ತು. ಅಲ್ಲಿಂದ ಈ ವಿಷಯ ಓದುವ ಗೀಳು ಹತ್ತಿತು. ಅದೇ ಸಮಯದಲ್ಲಿ ಟೀಮ್ ಲೀಡರ್ ಆಗು ಎಂದು ಮೇಲಧಿಕಾರಿ ಕೇಳಿದರು. 'ನಾನು ಅಂತರ್ಮುಖಿ, ಅದು ನನ್ನಂಥವರ ಕೆಲಸ ಅಲ್ಲ' ಎಂದು ಬಿಟ್ಟುಬಿಟ್ಟೆ. ಆಮೇಲೆ ಎಷ್ಟೋ ದಿನ ನಿದ್ದೆ ಬರಲಿಲ್ಲ. ಆ ಕುರ್ಚಿಯಲ್ಲಿ ಕೂತವರನ್ನು ನೋಡಿದರೆ ಇಂದಿಗೂ ಹೊಟ್ಟೆ ಹಿಂಡಿದ ಹಾಗಾಗುತ್ತದೆ.

ನನ್ನ ಗಂಡನಿಗೂ ಪರೀಕ್ಷೆ ಮಾಡಿಸಿದೆ. ಅವರು 'ಯೋಚಿಸುವ' ಗುಂಪು. ಈಗ ಜಗಳವಾದರೆ 'ನಿಮ್ಮ ಟೈಪೇ ಹಾಗೆ, ನಿಮಗೆ ಅರ್ಥ ಆಗಲ್ಲ' ಎನ್ನುತ್ತೇನೆ, ಅವರು ಎದ್ದು ಹೋಗುತ್ತಾರೆ. ಅಟ್ಯಾಚ್‌ಮೆಂಟ್ ಬಗ್ಗೆ, ಅಂದರೆ ಹತ್ತಿರದವರ ಜೊತೆ ನಾವು ಬೆಸೆದುಕೊಳ್ಳುವ ರೀತಿಯ ಬಗ್ಗೆ ಓದಿದ ಮೇಲೆ ಅವರು 'ದೂರ ಸರಿಯುವ' ಶೈಲಿಯವರು ಎಂದೂ ಅನಿಸಿದೆ. ಹನ್ನೆರಡು ವರ್ಷದ ಮಗಳು ಶಾಲೆಯ ನಾಟಕಕ್ಕೆ ಸೇರು ಅಂದರೆ 'ಅಮ್ಮಾ, ನಾನು ಇಂಟ್ರೊವರ್ಟ್ ಅಂತ ನೀನೇ ಹೇಳಿದ್ದಲ್ವಾ' ಎನ್ನುತ್ತಾಳೆ.

ಹೋದ ತಿಂಗಳು ಅದೇ ಪರೀಕ್ಷೆ ಮತ್ತೆ ತೆಗೆದುಕೊಂಡೆ. ಎರಡು ಅಕ್ಷರ ಬದಲಾಗಿವೆ! ಬಿಗ್ ಫೈವ್ ಎನ್ನುವ ಇನ್ನೊಂದರಲ್ಲಿ ನ್ಯೂರಾಟಿಸಿಸಂ 82ನೇ ಪರ್ಸೆಂಟೈಲ್ ಎಂದು ಬಂದಿದೆ. ಜೀವನಪೂರ್ತಿ ಹೀಗೇ ಇರಬೇಕಾ? ಗೆಳತಿ 'ಇದೆಲ್ಲ ರಾಶಿಭವಿಷ್ಯದ ಥರ, ಬಿಟ್ಟುಬಿಡು' ಎನ್ನುತ್ತಾಳೆ. ಲೀಡರ್ ಹುದ್ದೆಗೆ ಮತ್ತೆ ಕರೆದಿದ್ದಾರೆ, ತಿಂಗಳ ಕೊನೆಗೆ ಉತ್ತರ ಹೇಳಬೇಕು. ಈ ಸಿದ್ಧಾಂತಗಳನ್ನು ನಂಬಬೇಕೋ ಬಿಡಬೇಕೋ? ಬಳಸುವುದಾದರೆ ಹೇಗೆ?

ಉತ್ತರ: ಯಾವ ಪರೀಕ್ಷೆ ನಿಜ, ಸ್ವಭಾವ ಬದಲಾಗುತ್ತದೆಯೇ, ಇದನ್ನೆಲ್ಲ ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂದು ನೀವು ಹಲವು ಪ್ರಶ್ನೆ ಕೇಳಿದ್ದೀರಿ. ಅವುಗಳ ಅಡಿಯಲ್ಲಿ ನನಗೆ ಕಾಣುವ ಕಳವಳ ಒಂದೇ. ನಿಮ್ಮನ್ನು ಅರ್ಥ ಮಾಡಿಕೊಳ್ಳಲೆಂದು ಹಿಡಿದ ಹೆಸರುಗಳು ಈಗ ನಿಮ್ಮ ಪರವಾಗಿ ತೀರ್ಮಾನ ಮಾಡತೊಡಗಿವೆ. ಹುದ್ದೆ ಬೇಡ ಎಂದದ್ದು ಒಂದು ಹೆಸರು, ಗಂಡನ ಜೊತೆಗಿನ ಮಾತು ಅರ್ಧಕ್ಕೆ ನಿಲ್ಲಿಸಿದ್ದು ಇನ್ನೊಂದು. ಮಗಳ ಬಾಯಲ್ಲಿ ಬಂದದ್ದೂ ಅಂಥದ್ದೇ. ಸಲಹೆಗೆ ಬರುವವರಲ್ಲಿ ಇದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಕುತೂಹಲದಿಂದ ಶುರುವಾದ ಓದು ನಿಧಾನವಾಗಿ 'ನಾನು ಇಷ್ಟೇ' ಎನ್ನುವ ತೀರ್ಪಾಗಿಬಿಡುತ್ತದೆ. ಸಿದ್ಧಾಂತಗಳನ್ನು ಬಿಡಬೇಕಾಗಿಲ್ಲ, ಅವುಗಳಿಂದ ಏನು ಕೇಳಬಹುದು, ಏನು ಕೇಳಬಾರದು ಎನ್ನುವುದು ಗೊತ್ತಿದ್ದರೆ ಸಾಕು.

ಮೊದಲು ಆ ಡೈರಿಯ ವಿಚಾರ. 1948ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತಮ್ಮ ತರಗತಿಯ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟು, ಕೆಲವು ದಿನಗಳ ನಂತರ ಒಬ್ಬೊಬ್ಬರಿಗೂ ಅವರವರ 'ವರದಿ' ಕೈಗಿತ್ತರು. ಎಷ್ಟು ನಿಖರವಾಗಿದೆ, ಐದರಲ್ಲಿ ಅಂಕ ಕೊಡಿ ಎಂದರು. ಸರಾಸರಿ 4.26 ಬಂತು. ಆಮೇಲೆ ಗೊತ್ತಾದದ್ದು, ಎಲ್ಲರ ಕೈಯಲ್ಲಿದ್ದದ್ದೂ ಒಂದೇ ವರದಿ. ಬಹುಪಾಲು ವಾಕ್ಯಗಳನ್ನು ಫೋರರ್ ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿಕೊಂಡಿದ್ದರು. 'ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಅಳುಕು ಇದೆ', 'ಕೆಲವೊಮ್ಮೆ ಜನರ ಜೊತೆ ಬೆರೆಯುತ್ತೀರಿ, ಕೆಲವೊಮ್ಮೆ ಒಬ್ಬರೇ ಇರಬಯಸುತ್ತೀರಿ' ಎನ್ನುವ ಜಾತಿಯ ಮಾತುಗಳು ಯಾರಿಗೆ ತಾನೇ ಹೊಂದುವುದಿಲ್ಲ?

ನಿಮ್ಮ ವರದಿಯಲ್ಲಿ ಇದರ ಜೊತೆಗೆ ಇನ್ನೊಂದೂ ಇತ್ತು. 'ಗುಂಪಿನಲ್ಲಿ ಸುಸ್ತಾಗುತ್ತದೆ' ಎಂದು ನೀವೇ ಗುರುತು ಹಾಕಿದಿರಿ, 'ನಿಮಗೆ ಗುಂಪಿನಲ್ಲಿ ಸುಸ್ತಾಗುತ್ತದೆ' ಎಂದು ಅದು ಹೇಳಿತು. ನೀವು ಕೊಟ್ಟದ್ದೇ ಚಂದದ ಭಾಷೆಯಲ್ಲಿ ವಾಪಸ್ ಬಂತು. ಇದರಿಂದ ಲಾಭವೇ ಇಲ್ಲ ಎನ್ನುವುದಿಲ್ಲ. ಎಷ್ಟೋ ಜನಕ್ಕೆ 'ನನ್ನಲ್ಲೇನೂ ಕೊರತೆ ಇಲ್ಲ, ನನ್ನಂಥವರು ಇನ್ನೂ ಇದ್ದಾರೆ' ಎನ್ನುವ ಸಮಾಧಾನ ಮೊದಲ ಸಲ ಸಿಗುವುದು ಇಂಥ ವರದಿಯಿಂದಲೇ. ಆ ಸಮಾಧಾನ ನಿಜ. ಆದರೆ ಓದಿದಾಗ 'ಹೌದು, ಇದು ನಾನೇ' ಅನಿಸಿತು ಎನ್ನುವುದು ಪರೀಕ್ಷೆ ಸರಿಯಾಗಿದೆ ಎಂಬುದಕ್ಕೆ ಪುರಾವೆ ಆಗುವುದಿಲ್ಲ.

ಅಕ್ಷರಗಳು ಬದಲಾದದ್ದೇಕೆ? ಅಂತರ್ಮುಖಿ, ಬಹಿರ್ಮುಖಿ ಎನ್ನುವ ವಿಂಗಡಣೆಯನ್ನು ಜನಪ್ರಿಯಗೊಳಿಸಿದವರು ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್, 1921ರಲ್ಲಿ. ಶುದ್ಧ ಅಂತರ್ಮುಖಿ, ಶುದ್ಧ ಬಹಿರ್ಮುಖಿ ಎನ್ನುವವರು ಇಲ್ಲ ಎಂದು ಅವರೇ ಹೇಳಿದ್ದರು. ಅವರ ವಿಚಾರವನ್ನು ಪ್ರಶ್ನಾವಳಿಯ ರೂಪಕ್ಕೆ ತಂದು, ನಾಲ್ಕು ಅಕ್ಷರಗಳ ಹದಿನಾರು ಗುಂಪು ಮಾಡಿದವರು ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಬ್ರಿಗ್ಸ್ ಮೈಯರ್ಸ್. ತೊಡಕಿರುವುದು ಆ ಗುಂಪು ಮಾಡುವ ರೀತಿಯಲ್ಲಿ. ಪ್ರತಿ ಗುಣವನ್ನೂ ನಡುವೆ ಗೆರೆ ಎಳೆದು ಎರಡು ಭಾಗ ಮಾಡುತ್ತಾರೆ. ಆದರೆ ಜನ ಎರಡು ತುದಿಯಲ್ಲಿ ಗುಂಪುಗಟ್ಟಿ ನಿಂತಿಲ್ಲ, ಹೆಚ್ಚಿನವರು ಇರುವುದು ನಡುವಿನ ಆಸುಪಾಸಿನಲ್ಲೇ. ಗೆರೆಯ ಈಚೆ ಒಂದು ಅಂಕ ಬಂದರೆ ಒಂದು ಅಕ್ಷರ, ಆಚೆ ಒಂದು ಅಂಕ ಬಂದರೆ ಇನ್ನೊಂದು. ಕೆಲವೇ ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿದರೆ ಬಹಳಷ್ಟು ಜನರ ಕನಿಷ್ಠ ಒಂದು ಅಕ್ಷರ ಬದಲಾಗುತ್ತದೆ. ನಿಮ್ಮೊಳಗೆ ಯಾರೂ ಬದಲಾಗಿಲ್ಲ. ನೀವು ಗೆರೆಯ ಹತ್ತಿರ ಇದ್ದಿರಿ, ಈ ಸಲ ಆ ಕಡೆ ಕಾಲಿಟ್ಟಿರಿ, ಅಷ್ಟೇ. 'ಭಾವನೆ' ಮತ್ತು 'ಯೋಚನೆ' ಒಂದು ಹೆಚ್ಚಾದರೆ ಇನ್ನೊಂದು ಕಡಿಮೆಯಾಗಲೇಬೇಕು ಎನ್ನುವ ಊಹೆಗೂ ಆಧಾರ ಸಾಲದು. ಲೆಕ್ಕದಲ್ಲಿ ಚುರುಕಾಗಿದ್ದು ಮನಸ್ಸಿನಿಂದಲೂ ಮೃದುವಾಗಿರುವವರು ನಿಮ್ಮ ವಿಭಾಗದಲ್ಲೇ ಇರುತ್ತಾರೆ. ನೀವೇ ಅಂಥವರಿರಬಹುದು.

ಹಾಗಂತ ನಿಮ್ಮ ಗೆಳತಿಯ ಮಾತನ್ನು ಪೂರ್ತಿ ಒಪ್ಪಲಾರೆ. ಬಿಗ್ ಫೈವ್ ಬಂದ ದಾರಿಯೇ ಬೇರೆ. 1936ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಆಡ್‌ಬರ್ಟ್ ಇಂಗ್ಲಿಷ್ ನಿಘಂಟಿನಿಂದ ಜನರನ್ನು ವರ್ಣಿಸುವ ಸುಮಾರು 18,000 ಪದಗಳನ್ನು ಹೆಕ್ಕಿದರು. ಯಾವ ಪದ ಯಾವುದರ ಜೊತೆ ಸೇರುತ್ತದೆ, ಅಂದರೆ 'ಮಾತುಗಾರ' ಎನಿಸಿಕೊಂಡವರಿಗೆ ಇನ್ನೇನೇನು ವಿಶೇಷಣ ಸಿಗುತ್ತದೆ ಎಂದು ಮುಂದಿನ ದಶಕಗಳಲ್ಲಿ ಹಲವರು ಲೆಕ್ಕ ಹಾಕುತ್ತಾ ಹೋದರು. ಮತ್ತೆ ಮತ್ತೆ ಐದು ದೊಡ್ಡ ಗೊಂಚಲುಗಳು ಕಂಡವು: ಹೊಸದಕ್ಕೆ ತೆರೆದುಕೊಳ್ಳುವುದು, ಶಿಸ್ತು ಮತ್ತು ಹೊಣೆಗಾರಿಕೆ, ಬಹಿರ್ಮುಖತೆ, ಜನರೊಡನೆ ಹೊಂದಿಕೊಂಡು ಹೋಗುವುದು, ಬೇಗ ಕಳವಳಗೊಳ್ಳುವ ಪ್ರವೃತ್ತಿ. ಕೊನೆಯದೇ ನ್ಯೂರಾಟಿಸಿಸಂ. ಇಲ್ಲಿ ಗುಂಪುಗಳಿಲ್ಲ, ಹೆಚ್ಚು ಕಡಿಮೆ ಎನ್ನುವ ಅಳತೆ ಮಾತ್ರ. ಶಿಸ್ತಿನ ಅಂಕಕ್ಕೂ ಕೆಲಸದ ಗುಣಮಟ್ಟಕ್ಕೂ, ಆಯಸ್ಸಿಗೂ ಸಂಬಂಧ ಕಂಡಿದೆ. ಕಳವಳದ ಅಂಕಕ್ಕೂ ಮುಂದೆ ಆತಂಕ, ಖಿನ್ನತೆ ಬರುವ ಸಾಧ್ಯತೆಗೂ ಸಂಬಂಧ ಕಂಡಿದೆ. ರಾಶಿಯಿಂದ ಇಂಥದ್ದೇನೂ ಹೇಳಲು ಬರುವುದಿಲ್ಲ.

ಆದರೆ ಈ ಅಂಕದಿಂದ ನಾಳೆ ಬೆಳಿಗ್ಗೆ ಹತ್ತು ಗಂಟೆಯ ಮೀಟಿಂಗಿನಲ್ಲಿ ನೀವು ಮಾತಾಡುತ್ತೀರೋ ಇಲ್ಲವೋ ಎಂದು ಹೇಳಲಾಗುವುದಿಲ್ಲ. 1968ರಲ್ಲಿ ಮನಃಶಾಸ್ತ್ರಜ್ಞ ವಾಲ್ಟರ್ ಮಿಷೆಲ್ ಹೇಳಿದ ಈ ಮಾತು ಇಡೀ ಕ್ಷೇತ್ರವನ್ನು ಅಲುಗಾಡಿಸಿತು. ಪ್ರಶ್ನಾವಳಿಯ ಅಂಕಕ್ಕೂ ಒಂದು ನಿರ್ದಿಷ್ಟ ಸಂದರ್ಭದ ನಡವಳಿಕೆಗೂ ಇರುವ ಹೊಂದಾಣಿಕೆ 0.30 ದಾಟುವುದು ಅಪರೂಪ ಎಂದು ಅವರು ತೋರಿಸಿದರು. ಪೂರ್ತಿ ಹೊಂದಿಕೆಯಾದರೆ 1, ಸಂಬಂಧವೇ ಇಲ್ಲದಿದ್ದರೆ 0 ಎನ್ನುವ ಅಳತೆಯಲ್ಲಿ. ಸ್ವಭಾವ ಎನ್ನುವುದು ಬ್ಯಾಟ್ಸ್‌ಮನ್‌ನ ಸರಾಸರಿಯ ಹಾಗೆ. ಸರಾಸರಿ 45 ಇರುವವನು ಇಡೀ ಸರಣಿಯಲ್ಲಿ ಹೆಚ್ಚು ರನ್ ಮಾಡುತ್ತಾನೆ ಎಂದು ನೆಚ್ಚಬಹುದು, ಇವತ್ತು ಸೊನ್ನೆಗೆ ಔಟಾಗುವುದಿಲ್ಲ ಎಂದು ಹೇಳಲಾಗದು. 2001ರಲ್ಲಿ ವಿಲಿಯಂ ಫ್ಲೀಸನ್ ಪ್ರಕಟಿಸಿದ ಅಧ್ಯಯನದಲ್ಲಿ ಜನ ದಿನಕ್ಕೆ ಹಲವು ಸಲ, ವಾರಗಟ್ಟಲೆ ತಮ್ಮ ಆ ಹೊತ್ತಿನ ನಡವಳಿಕೆಯನ್ನು ದಾಖಲಿಸಿದರು. ಪ್ರತಿಯೊಬ್ಬರ ನಡವಳಿಕೆಯೂ ಹೊತ್ತಿಂದ ಹೊತ್ತಿಗೆ ಬಹಳ ಏರುಪೇರಾಗುತ್ತಿತ್ತು. ಅಂತರ್ಮುಖಿಗಳೂ ಎಷ್ಟೋ ಹೊತ್ತು ಬಹಿರ್ಮುಖಿಗಳಂತೆ ನಡೆದುಕೊಂಡಿದ್ದರು. ಹಾಗಿದ್ದೂ ಒಬ್ಬೊಬ್ಬರ ಸರಾಸರಿ ಮಾತ್ರ ವಾರದಿಂದ ವಾರಕ್ಕೆ ಹೆಚ್ಚುಕಮ್ಮಿ ಹಾಗೇ ಇತ್ತು. ಎರಡೂ ಒಟ್ಟಿಗೆ ನಿಜ, ನಿಮಗೆ ಬೇಕಾದದ್ದು ಇದೇ. ನಿಮ್ಮ ಸರಾಸರಿ ನಿಮ್ಮದೇ, ಆದರೆ ಅದರ ಸುತ್ತ ಓಡಾಡಲು ಜಾಗ ಬಹಳ ಇದೆ.

ಈಗ ನಿಮ್ಮ ಪತ್ರದ ಅತಿ ಮುಖ್ಯ ವಾಕ್ಯಕ್ಕೆ ಬರೋಣ. 'ನಾನು ಅಂತರ್ಮುಖಿ, ಅದು ನನ್ನಂಥವರ ಕೆಲಸ ಅಲ್ಲ.' ನೀವು ಅಂತರ್ಮುಖಿ ಎಂದು ಹೇಗೆ ಗೊತ್ತಾಯಿತು? ಸಭೆಯಲ್ಲಿ ಮಾತಾಡುವುದಿಲ್ಲ, ಗುಂಪು ಇಷ್ಟವಿಲ್ಲ ಎಂದು ಪರೀಕ್ಷೆಯಲ್ಲಿ ನೀವು ಬರೆದದ್ದರಿಂದ. ಸಭೆಯಲ್ಲಿ ಯಾಕೆ ಮಾತಾಡುವುದಿಲ್ಲ? ಅಂತರ್ಮುಖಿ ಆದ್ದರಿಂದ. ಇದು ಹೊರಟ ಜಾಗಕ್ಕೇ ಬಂದು ನಿಲ್ಲುವ ಮಾತು. 'ಅಂತರ್ಮುಖಿ' ಎನ್ನುವುದು ನೀವು ಸಾಮಾನ್ಯವಾಗಿ ಹೇಗಿರುತ್ತೀರಿ ಎಂಬ ವರ್ಣನೆ. ಯಾಕೆ ಹಾಗಿರುತ್ತೀರಿ ಎನ್ನುವುದಕ್ಕೆ ಉತ್ತರ ಅದರೊಳಗಿಲ್ಲ. ಕಾರಣಗಳನ್ನು ಬೇರೆಯೇ ಹುಡುಕಬೇಕು. ಹಿಂದೆ ಯಾರೋ ನಾಲ್ಕು ಜನರ ಎದುರು ಮಾತು ಕತ್ತರಿಸಿದ್ದರು ಎನ್ನುವುದು ಕಾರಣವಿರಬಹುದು. ಮುಂಚೆಯೇ ವಿಷಯ ತಿಳಿಸದೆ ಕರೆಯುವ ಸಭೆ, ಸಾಲದ ನಿದ್ದೆ, ಲೀಡರ್ ಅಂದರೆ ದನಿ ಏರಿಸಬೇಕು ಎನ್ನುವ ಕಲ್ಪನೆ, ಅಥವಾ ಆ ಕೆಲಸದ ಕೌಶಲ ಯಾರೂ ಕಲಿಸಿಲ್ಲ ಎನ್ನುವಷ್ಟೇ ಸರಳ ಸಂಗತಿಯೂ ಇರಬಹುದು.

ಇಲ್ಲಿ ಒಂದು ವ್ಯತ್ಯಾಸ ಬಹಳ ಮುಖ್ಯ, ಅದನ್ನು ಹೆಚ್ಚಿನ ಪರೀಕ್ಷಾ ವರದಿಗಳು ಹೇಳುವುದೇ ಇಲ್ಲ. ಅಂತರ್ಮುಖತೆ ಬೇರೆ, ಜನರ ಎದುರಿನ ಆತಂಕ ಬೇರೆ. ಅಂತರ್ಮುಖಿಗೆ ಹೆಚ್ಚು ಗದ್ದಲ ಬೇಡ, ಬಿಟ್ಟು ಬಂದರೆ ಹಾಯೆನಿಸುತ್ತದೆ. ಆತಂಕ ಇರುವವರಿಗೆ ಬೇಕು, ಆದರೆ ಭಯ. ಬಿಟ್ಟು ಬಂದರೆ ಆ ಕ್ಷಣ ಹಗುರ, ಆಮೇಲೆ ಕೊರಗು. ಸಲಹೆಗೆ ಬಂದವರಿಗೆ ನಾನು ಕೇಳುವ ಪ್ರಶ್ನೆ ಇದು: 'ಯಾರೂ ನಿಮ್ಮನ್ನು ಅಳೆಯುವುದಿಲ್ಲ, ತಪ್ಪಾದರೂ ಯಾರೂ ನಗುವುದಿಲ್ಲ ಎಂದು ಖಾತ್ರಿ ಇದ್ದಿದ್ದರೆ ಆ ಕೆಲಸ ನಿಮಗೆ ಬೇಕಿತ್ತೇ?' 'ಇಲ್ಲ, ಆಗಲೂ ಬೇಡ, ನನಗೆ ಲೆಕ್ಕ ನೋಡುವುದೇ ಇಷ್ಟ' ಎಂದರೆ ಅದು ಒಲವು. ಅದನ್ನು ಗೌರವಿಸಬೇಕು. 'ಹಾಗಿದ್ದರೆ ಬೇಕಿತ್ತು' ಎಂದರೆ ತಡೆದದ್ದು ಭಯ. ನೀವು ಬೇಡ ಎಂದ ಮೇಲೆ ನಿದ್ದೆ ಕೆಟ್ಟಿದೆ, ಎರಡು ವರ್ಷವಾದರೂ ಹೊಟ್ಟೆ ಹಿಂಡುತ್ತಿದೆ. ಒಲವಿನ ಪ್ರಕಾರ ತೀರ್ಮಾನ ಮಾಡಿದವರ ಮಾತು ಸಾಮಾನ್ಯವಾಗಿ ಹೀಗಿರುವುದಿಲ್ಲ. ಪತ್ರ ಓದಿ ನಿಮಗೊಂದು ಹೆಸರು ಹಚ್ಚಲಾರೆ, ಆದರೆ ಈ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಲೇಬೇಕು.

82ನೇ ಪರ್ಸೆಂಟೈಲ್ ಅಂದರೆ ನಿಮ್ಮಲ್ಲಿ 82 ಶೇಕಡಾ ಕಾಯಿಲೆ ಎಂದಲ್ಲ. ಹೋಲಿಕೆಗೆ ತೆಗೆದುಕೊಂಡ ನೂರು ಜನರಲ್ಲಿ ಸುಮಾರು 82 ಜನರಿಗಿಂತ ನಿಮ್ಮ ಅಂಕ ಹೆಚ್ಚು ಎಂದಷ್ಟೇ ಅರ್ಥ. ನಿದ್ದೆಗೆಟ್ಟ ತಿಂಗಳಲ್ಲಿ ಉತ್ತರಿಸಿದರೆ ಅಂಕ ಏರುವುದೂ ಉಂಟು. ಅದು ಯಾವ ರೋಗದ ನಿರ್ಣಯವೂ ಅಲ್ಲ.

ಜೀವನಪೂರ್ತಿ ಹೀಗೇ ಇರಬೇಕೇ? ಇಲ್ಲ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ವ್ಯಕ್ತಿತ್ವದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಶೇ 40ರಿಂದ 50ರಷ್ಟು ವಂಶವಾಹಿಗಳಿಂದ ಬರುತ್ತದೆ. ಇದನ್ನು ಬಹಳ ಜನ 'ನನ್ನ ಅರ್ಧ ಸ್ವಭಾವ ಹುಟ್ಟಿನಿಂದ ಗಟ್ಟಿ, ಮಿಕ್ಕರ್ಧ ನನ್ನ ಕೈಯಲ್ಲಿ' ಎಂದು ಓದುತ್ತಾರೆ. ಹಾಗಲ್ಲ. ಅದು ಜನಸಮೂಹದ ವ್ಯತ್ಯಾಸದ ಲೆಕ್ಕ, ಒಬ್ಬ ವ್ಯಕ್ತಿಯನ್ನು ಪಾಲು ಮಾಡಿ ಹಂಚುವ ಲೆಕ್ಕವಲ್ಲ. ಬ್ರೆಂಟ್ ರಾಬರ್ಟ್ಸ್ ಮತ್ತು ಸಂಗಡಿಗರು 2006ರಲ್ಲಿ, ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ 92 ಗುಂಪುಗಳ ಮಾಹಿತಿ ಒಟ್ಟುಗೂಡಿಸಿದರು. ವಯಸ್ಸಾದಂತೆ, ಅದರಲ್ಲೂ ಇಪ್ಪತ್ತರಿಂದ ನಲವತ್ತರ ನಡುವೆ, ಜನ ಸರಾಸರಿಯಾಗಿ ಹೆಚ್ಚು ಶಿಸ್ತಿನವರೂ ಮನಸ್ಸಿನಿಂದ ಹೆಚ್ಚು ಸ್ಥಿರರೂ ಆಗುತ್ತಾರೆ ಎಂದು ಅದರಲ್ಲಿ ಕಂಡಿತು. 2017ರಲ್ಲಿ ಅವರ ತಂಡ 200ಕ್ಕೂ ಹೆಚ್ಚು ಚಿಕಿತ್ಸಾ ಅಧ್ಯಯನಗಳನ್ನು ಪರಿಶೀಲಿಸಿತು. ಕೆಲವೇ ತಿಂಗಳ ಚಿಕಿತ್ಸೆಯಲ್ಲಿ ಬದಲಾವಣೆ ಕಂಡಿತ್ತು, ಎಲ್ಲಕ್ಕಿಂತ ಹೆಚ್ಚು ಬದಲಾದದ್ದು ಈ ಕಳವಳದ ಪ್ರವೃತ್ತಿಯೇ. ನೀವು ಇನ್ನೊಬ್ಬರೇ ಆಗಿಬಿಡುತ್ತೀರಿ ಎಂದು ಇದರ ಅರ್ಥವಲ್ಲ. ಅಂಕ ಒಂದಿಷ್ಟು ಇಳಿಯುತ್ತದೆ, ಆ ಒಂದಿಷ್ಟರಿಂದ ದಿನಗಳು ಹಗುರಾಗುತ್ತವೆ.

ಬದಲಾಗಬೇಕು ಎಂದು ಬಯಸಿದರೆ ಸಾಕೇ? ನೇಥನ್ ಹಡ್ಸನ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳು ತಾವು ಬದಲಿಸಬೇಕೆಂದಿರುವ ಗುಣಕ್ಕೆ ತಕ್ಕ ಚಿಕ್ಕ ಚಿಕ್ಕ ಕೆಲಸಗಳನ್ನು ವಾರವಾರವೂ ಆರಿಸಿಕೊಂಡರು. ಮಾಡಿ ಮುಗಿಸಿದವರು ಬದಲಾದರು. ಆರಿಸಿಕೊಂಡು ಮಾಡದೇ ಬಿಟ್ಟವರಿಗೆ ಅದರಿಂದ ಉಪಯೋಗವಾಗಲಿಲ್ಲ. ಆದ್ದರಿಂದ ನಾನು ಹೇಳುವ ಯಾವುದನ್ನೇ ಆರಿಸಿಕೊಂಡರೂ ಮಾಡಲು ಆಗುವಷ್ಟು ಚಿಕ್ಕದನ್ನೇ ಆರಿಸಿಕೊಳ್ಳಿ.

ಹಾಗಾದರೆ ದಿನನಿತ್ಯದಲ್ಲಿ ಬಳಸುವುದು ಹೇಗೆ? ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿರುವುದು ಮಿಷೆಲ್ ಅವರದೇ ಮುಂದಿನ ಕೆಲಸ. ಅವರೂ ಯೂಚಿ ಶೋಡಾ ಅವರೂ ಮಕ್ಕಳ ಬೇಸಿಗೆ ಶಿಬಿರವೊಂದರಲ್ಲಿ ಪ್ರತಿ ಮಗುವಿನ ನಡವಳಿಕೆಯನ್ನು ಸಂದರ್ಭದ ಸಮೇತ ದಾಖಲಿಸಿದರು. ಒಟ್ಟು ಲೆಕ್ಕದಲ್ಲಿ ಒಂದೇ ಮಟ್ಟದ ಜಗಳಗಂಟರೆನಿಸಿದ ಇಬ್ಬರು ಮಕ್ಕಳು ಸಿಟ್ಟಾಗುತ್ತಿದ್ದ ಸಂದರ್ಭಗಳೇ ಬೇರೆ. ಒಬ್ಬನಿಗೆ ಸಂಗಾತಿಗಳು ಛೇಡಿಸಿದರೆ, ಇನ್ನೊಬ್ಬನಿಗೆ ದೊಡ್ಡವರು ಗದರಿದರೆ. 'ಹೀಗಾದಾಗ ಹೀಗೆ' ಎನ್ನುವ ಈ ವಿನ್ಯಾಸ ಪ್ರತಿಯೊಬ್ಬರಿಗೂ ವಿಶಿಷ್ಟ, ಸಾಕಷ್ಟು ಸ್ಥಿರವೂ ಹೌದು. ನಿಮ್ಮದನ್ನು ಹುಡುಕಲು ಎರಡು ವಾರ ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಳ್ಳಿ. ಸಭೆ, ಫೋನ್, ಮನೆಯ ಜಗಳ, ಯಾವುದೇ ಇರಲಿ, ಮನಸ್ಸು ಕದಡಿದಾಗ ಅಥವಾ ಅನಿರೀಕ್ಷಿತವಾಗಿ ಚೆನ್ನಾಗಿ ಹೋದಾಗ ನಾಲ್ಕು ಸಂಗತಿ ಬರೆಯಿರಿ: ಯಾರಿದ್ದರು, ಅದಕ್ಕೆ ತುಸು ಮುಂಚೆ ಏನಾಯಿತು, ನಾನೇನು ಮಾಡಿದೆ, ಮಾಡಿದ ಮೇಲೆ ಏನಾಯಿತು. ಅಂತರ್ಮುಖಿ, ನ್ಯೂರಾಟಿಕ್ ಮುಂತಾದ ಯಾವ ವಿಶೇಷಣವನ್ನೂ ಆ ನೋಟ್‌ಬುಕ್ಕಿನಲ್ಲಿ ಬರೆಯಬೇಡಿ. ಚೆನ್ನಾಗಿ ಹೋದದ್ದನ್ನು ಬರೆಯಲು ಮರೆಯಲೂಬೇಡಿ. ಕಳವಳ ಹೆಚ್ಚಿರುವವರು ಅದನ್ನೇ ಬಿಟ್ಟುಬಿಡುತ್ತಾರೆ, ಆಗ ಇಡೀ ಪುಸ್ತಕ ದೂರಿನ ಪಟ್ಟಿ ಆಗುತ್ತದೆ.

ಉದಾಹರಣೆಗೆ, ಒಬ್ಬೊಬ್ಬರ ಜೊತೆ ಕೂತಾಗ ಚೆನ್ನಾಗಿ ಮಾತಾಡುತ್ತೀರಿ, ಅಂಕಿಅಂಶ ಕೈಯಲ್ಲಿದ್ದರೆ ಹತ್ತು ಜನರ ಎದುರೂ ತಡವರಿಸುವುದಿಲ್ಲ, ಆದರೆ ಹಿರಿಯರೊಬ್ಬರು ನಡುವೆ ಬಾಯಿ ಹಾಕಿದರೆ ಮಾತು ನಿಂತೇಹೋಗುತ್ತದೆ ಎಂದು ಕಾಣಬಹುದು. ಇಷ್ಟು ಸಿಕ್ಕರೆ ಮಾಡುವುದಕ್ಕೆ ಕೆಲಸ ಸಿಕ್ಕ ಹಾಗೆ. ಸಭೆಯ ವಿಷಯಪಟ್ಟಿಯನ್ನು ಹಿಂದಿನ ದಿನವೇ ಕೇಳಬಹುದು. ಮೊದಲ ಐದು ನಿಮಿಷದಲ್ಲೇ ಒಂದು ಮಾತು ಆಡಿಬಿಡಬಹುದು, ತಡವಾದಷ್ಟೂ ಬಾಯಿ ಕಟ್ಟುತ್ತದೆ. 'ಯಾರಾದರೂ ನಡುವೆ ಮಾತು ತಡೆದರೆ, ಒಂದು ಉಸಿರು ತೆಗೆದುಕೊಂಡು, ಈ ಒಂದು ಅಂಶ ಮುಗಿಸುತ್ತೇನೆ ಎನ್ನುತ್ತೇನೆ' ಎಂದು ಮುಂಚೆಯೇ ಗೊತ್ತು ಮಾಡಿಕೊಳ್ಳಬಹುದು. ಹೀಗಾದರೆ ಹೀಗೆ ಮಾಡುತ್ತೇನೆ ಎಂದು ಮೊದಲೇ ಕಟ್ಟಿಟ್ಟುಕೊಂಡ ಯೋಜನೆ, 'ಇನ್ನು ಮೇಲೆ ಧೈರ್ಯವಾಗಿರುತ್ತೇನೆ' ಎಂಬ ಸಂಕಲ್ಪಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ ಎಂದು ಪೀಟರ್ ಗಾಲ್‌ವಿಟ್ಜರ್ ಅವರ ಸಂಶೋಧನೆಗಳು ತೋರಿಸಿವೆ.

ಇದಕ್ಕೊಂದು ಅಪಾಯವೂ ಇದೆ. ಒಂದು ವಾರ ಬಹಿರ್ಮುಖಿಯಂತೆ ನಡೆದುಕೊಳ್ಳಿ ಎಂದು ಜನರಿಗೆ ಹೇಳಿ ನಡೆಸಿದ ಪ್ರಯೋಗವೊಂದು 2019ರಲ್ಲಿ ಪ್ರಕಟವಾಯಿತು. ಸರಾಸರಿಯಾಗಿ ಜನರಿಗೆ ಉಲ್ಲಾಸ ಹೆಚ್ಚಿತ್ತು. ಆದರೆ ತೀರಾ ಅಂತರ್ಮುಖಿಗಳಿಗೆ ಲಾಭ ಕಡಿಮೆ, ಜೊತೆಗೆ ದಣಿವು, 'ನಾನು ನಾನಾಗಿಲ್ಲ' ಎನ್ನುವ ಭಾವ. ಆದ್ದರಿಂದ ಸ್ವಭಾವದ ವಿರುದ್ಧ ನಡೆಯಬೇಕಾದ ದಿನ, ಅದರ ನಂತರ ಒಬ್ಬರೇ ಇರುವ ಹೊತ್ತನ್ನೂ ಎತ್ತಿಡಿ. ಯಾರಿಗಾಗಿ, ಯಾವುದಕ್ಕಾಗಿ ಈ ಶ್ರಮ ಎನ್ನುವುದು ನಿಮಗೆ ಸ್ಪಷ್ಟವಿದ್ದರೆ ದಣಿವು ತಾಳಿಕೊಳ್ಳಬಹುದು. ಇಲ್ಲದಿದ್ದರೆ ಅದು ಬರೀ ವೇಷವಾಗುತ್ತದೆ.

ಇನ್ನು ಮನೆ. ನಾವೆಲ್ಲ ಸಾಮಾನ್ಯವಾಗಿ ಯೋಚಿಸುವುದು ಹೀಗೆ: ನಾನು ತಡವಾಗಿ ಬಂದರೆ ಕೆಲಸ ಹೆಚ್ಚಿತ್ತು, ನೀವು ತಡವಾಗಿ ಬಂದರೆ ನಿಮಗೆ ಮನೆಯ ಮೇಲೆ ಲಕ್ಷ್ಯವಿಲ್ಲ. ನಮ್ಮ ನಡವಳಿಕೆಗೆ ಸಂದರ್ಭವನ್ನೂ ಪರರ ನಡವಳಿಕೆಗೆ ಸ್ವಭಾವವನ್ನೂ ಹೊಣೆ ಮಾಡುವ ಈ ಜಾಡನ್ನು ಮನೋವಿಜ್ಞಾನ 1970ರ ದಶಕದಿಂದ ಅಧ್ಯಯನ ಮಾಡುತ್ತಾ ಬಂದಿದೆ. 'ನಿಮ್ಮ ಟೈಪೇ ಹಾಗೆ' ಎನ್ನುವುದು ಅದೇ ಜಾಡು, ಈಗ ಅದಕ್ಕೆ ಪರೀಕ್ಷೆಯ ಮುದ್ರೆ ಬಿದ್ದಿದೆ. ಆ ಮಾತಿಗೆ ಅವರು ಏನು ಉತ್ತರ ಕೊಡಲು ಸಾಧ್ಯ? ಟೈಪ್ ಬದಲಿಸಿಕೊಂಡು ಬರಲಾಗದು, ಎದ್ದು ಹೋಗುತ್ತಾರೆ. ಎದ್ದು ಹೋದದ್ದನ್ನು ನೀವು 'ದೂರ ಸರಿಯುವ ಶೈಲಿ' ಎಂದು ಓದುತ್ತೀರಿ. ಅಟ್ಯಾಚ್‌ಮೆಂಟ್ ಸಿದ್ಧಾಂತ ಕಟ್ಟಿದ ಜಾನ್ ಬೌಲ್ಬಿ, ಮೇರಿ ಐನ್ಸ್‌ವರ್ತ್ ಅವರ ಕೆಲಸದ ಕೇಂದ್ರದಲ್ಲಿದ್ದದ್ದು ಎಳೆಯ ಮಕ್ಕಳೂ ಅವರ ಪೋಷಕರೂ. ದೊಡ್ಡವರ ಸಂಬಂಧಗಳಿಗೆ ಅದನ್ನು ವಿಸ್ತರಿಸಿದ ಸಂಶೋಧನೆ ಇದೆ, ಉಪಯುಕ್ತವೂ ಹೌದು. ಆದರೆ ಒಬ್ಬರು ಎದ್ದು ಹೋದದ್ದನ್ನು ನೋಡಿ ಇನ್ನೊಬ್ಬರು ಕೊಡುವ ಪ್ರಮಾಣಪತ್ರ ಅದಲ್ಲ.

ನನ್ನ ಸಲಹೆ ಕಟ್ಟುನಿಟ್ಟಿನದು. ಸಿದ್ಧಾಂತದ ಪದಗಳನ್ನು ನಿಮ್ಮ ಮೇಲೆ ಮಾತ್ರ ಬಳಸಿ, ಗಂಡನ ವಿಷಯಕ್ಕೆ ಬಂದಾಗ ನಡೆದದ್ದನ್ನಷ್ಟೇ ಹೇಳಿ. 'ನಿಮಗೆ ಭಾವನೆ ಅರ್ಥ ಆಗಲ್ಲ' ಎನ್ನುವ ಬದಲು, 'ನಿನ್ನೆ ನಾನು ಆಫೀಸಿನ ವಿಷಯ ಹೇಳುವಾಗ ನೀವು ತಕ್ಷಣ ಪರಿಹಾರ ಹೇಳಿದಿರಿ. ನನಗೆ ಮೊದಲು ಪೂರ್ತಿ ಕೇಳಿಸಿಕೊಳ್ಳುವವರು ಬೇಕಿತ್ತು' ಎನ್ನಿ. ಇದಕ್ಕೆ ಅವರು ಉತ್ತರಿಸಬಹುದು. ಸಾಧ್ಯವಾದರೆ ದಿಕ್ಕನ್ನೇ ತಿರುಗಿಸಿ, ನಿಮ್ಮ ಬಗ್ಗೆ ಅವರನ್ನು ಕೇಳಿ: 'ನಾನು ಯಾವಾಗ ಗಡುಸಾಗುತ್ತೇನೆ ಅನಿಸುತ್ತದೆ?' ಸಿಮಿನ್ ವಜೀರ್ 2010ರಲ್ಲಿ ತೋರಿಸಿದ ಹಾಗೆ, ಒಳಗಿನ ಕಳವಳ ನಮಗೇ ಚೆನ್ನಾಗಿ ಗೊತ್ತು. ಆದರೆ ನಮ್ಮ ಬುದ್ಧಿಮತ್ತೆ, ಸೃಜನಶೀಲತೆಯಂಥ ಒಳ್ಳೆಯದು ಕೆಟ್ಟದ್ದು ಎಂದು ತೂಗುವ ಗುಣಗಳನ್ನು ಹತ್ತಿರದವರು ನಮಗಿಂತ ಸರಿಯಾಗಿ ಗುರುತಿಸುತ್ತಾರೆ. ಜಗಳದ ಬಿಸಿಯಲ್ಲಿ ಮಾತ್ರ ಇದನ್ನು ಕೇಳಬೇಡಿ, ಹಳೆಯ ಲೆಕ್ಕವೆಲ್ಲ ಹೊರಬರುತ್ತದೆ.

ಮಗಳ ವಿಷಯದಲ್ಲಿ ತಡ ಮಾಡಬೇಡಿ. ಹನ್ನೆರಡಕ್ಕೆ ವ್ಯಕ್ತಿತ್ವ ಇನ್ನೂ ಬೆಳೆಯುತ್ತಿರುತ್ತದೆ. ಎಳೆ ಹರೆಯದಲ್ಲಿ ಶಿಸ್ತು, ಹೊಂದಾಣಿಕೆ ಕೆಲ ಕಾಲ ಕುಗ್ಗಿ ಮತ್ತೆ ಏರುವುದನ್ನು ದೊಡ್ಡ ಅಧ್ಯಯನಗಳೇ ಕಂಡಿವೆ. ಈ ವಯಸ್ಸಿನಲ್ಲಿ ಅಮ್ಮ ಹೇಳಿದ ಒಂದು ಹೆಸರು ಬಹಳ ಆಳಕ್ಕೆ ಇಳಿಯುತ್ತದೆ. 'ನೀನು ಇಂಟ್ರೊವರ್ಟ್ ಅಲ್ಲ' ಎಂದು ವಾದಿಸಲು ಹೋಗಬೇಡಿ, ಅದು ಇನ್ನೊಂದು ಲೇಬಲ್ ಆಗುತ್ತದೆ. 'ಆ ಪರೀಕ್ಷೆ ದೊಡ್ಡವರಿಗೆ ಮಾಡಿದ್ದು ಪುಟ್ಟಾ, ನಿನಗೆ ಅದನ್ನು ಹೇಳಬಾರದಿತ್ತು. ನೀನು ಹೇಗಿರ್ತೀಯ ಅನ್ನೋದು ನಂಗೂ ಇನ್ನೂ ಗೊತ್ತಿಲ್ಲ' ಎಂದು ನೇರವಾಗಿ ಹೇಳಿ. ಆಮೇಲೆ ನಾಟಕದಲ್ಲಿ ಯಾವುದು ಕಷ್ಟ ಎಂದು ಕೇಳಿ. ಮಾತು ಮರೆತುಹೋಗುವ ಭಯವೇ, ಯಾರೋ ನಗುತ್ತಾರೆ ಎಂದೇ, ಸಂಜೆ ದಣಿವಾಗುತ್ತದೆಂದೇ, ಅಥವಾ ನಾಟಕವೇ ಇಷ್ಟವಿಲ್ಲವೇ? ಮೊದಲ ಮೂರಕ್ಕೆ ದಾರಿಗಳಿವೆ: ಚಿಕ್ಕ ಪಾತ್ರ, ತೆರೆಯ ಹಿಂದಿನ ಕೆಲಸ, ನಾಲ್ಕು ದಿನ ತಾಲೀಮು ನೋಡಿ ಬರುವುದು. ನಾಲ್ಕನೆಯದಾದರೆ ಅಲ್ಲಿಗೆ ಬಿಡಿ. ಬೇರೆ ಏನಾದರೂ ಇಷ್ಟವಾಗುತ್ತದೆ.

ವೃತ್ತಿಪರರನ್ನು ಯಾವಾಗ ನೋಡಬೇಕು? ಹೆಚ್ಚಿನ ದಿನಗಳಲ್ಲಿ ಚಿಂತೆ ತಡೆಯಲಾಗದಷ್ಟಿದ್ದು ವಾರಗಟ್ಟಲೆ ಮುಂದುವರಿದರೆ, ನಿದ್ದೆ ಊಟ ಕೆಟ್ಟರೆ, ಎದೆಬಡಿತ, ನಡುಕದ ಭಯಕ್ಕೆ ಕೆಲಸ ತಪ್ಪಿಸತೊಡಗಿದರೆ ತಡ ಬೇಡ. ಬದುಕೇ ಬೇಡ ಎನ್ನುವ ಯೋಚನೆ ಬಂದರೆ ಅವತ್ತೇ ಯಾರಿಗಾದರೂ ಹೇಳಿ, ಸಹಾಯ ಪಡೆಯಿರಿ. ಥೈರಾಯಿಡ್ ಏರುಪೇರಿನಂಥ ದೇಹದ ಕಾರಣಗಳೂ ಆತಂಕದಂತೆ ಕಾಣಿಸಿಕೊಳ್ಳಬಹುದು, ಆದ್ದರಿಂದ ವೈದ್ಯರ ತಪಾಸಣೆಯೂ ಆಗಲಿ. ಜನರ ಎದುರಿನ ಆತಂಕಕ್ಕೆ ಅರಿವಿನ ವರ್ತನಾ ಚಿಕಿತ್ಸೆ ಚೆನ್ನಾಗಿ ಪರೀಕ್ಷೆಗೊಳಗಾದ, ಪರಿಣಾಮಕಾರಿಯಾದ ಚಿಕಿತ್ಸೆ. ಭಯಪಡುವ ಸಂದರ್ಭಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಹಂತಹಂತವಾಗಿ ಎದುರಿಸುವುದು ಅದರ ಮುಖ್ಯ ಭಾಗ. ಅಂತರ್ಜಾಲದ ಪಟ್ಟಿ ನೋಡಿ ವ್ಯಕ್ತಿತ್ವ ದೋಷ ಇದೆ ಎಂದು ನಿಮಗೂ ಯಾರಿಗೂ ನಿರ್ಧರಿಸಬೇಡಿ. ಆ ನಿರ್ಣಯಕ್ಕೆ ದೀರ್ಘ ಸಂದರ್ಶನ ಬೇಕು.

ಕೊನೆಗೆ ಹುದ್ದೆ. ನೇರವಾಗಿ ಒಪ್ಪಿಕೊಂಡರೆ ಮೊದಲ ಕೆಲವು ತಿಂಗಳು ಕಳವಳ ಏರುತ್ತದೆ, ಅದನ್ನೇ 'ನೋಡು, ನನಗೆ ಆಗಲ್ಲ' ಎಂದು ಓದಿಕೊಳ್ಳುವ ಅಪಾಯವಿದೆ. ಮತ್ತೆ ಬೇಡ ಎಂದರೆ ಆ ಕ್ಷಣಕ್ಕೆ ಹಗುರ, ಆದರೆ ತಪ್ಪಿಸಿಕೊಂಡ ಪ್ರತಿ ಸಲವೂ ಭಯಕ್ಕೆ ಇನ್ನಷ್ಟು ಬಲ ಬರುತ್ತದೆ. ಆ 'ಬೇಡ' ಒಲವಿನಿಂದ ಬಂದದ್ದಾದರೆ ಮಾತ್ರ ಹೀಗಾಗುವುದಿಲ್ಲ. ನಡುವೆ ಮೂರನೆಯ ದಾರಿ ಇದೆ: ಮೂರು ತಿಂಗಳ ಪ್ರಾಯೋಗಿಕ ಅವಧಿ ಕೇಳುವುದು. ಎಲ್ಲ ಕಡೆ ಒಪ್ಪುವುದಿಲ್ಲ, ಕೇಳಿದ್ದಕ್ಕೆ 'ಇವರಿಗೆ ಮನಸ್ಸಿಲ್ಲ' ಎಂದುಕೊಳ್ಳುವವರೂ ಇರಬಹುದು. ಆದರೂ ನಿಮ್ಮ ಸ್ಥಿತಿಯಲ್ಲಿ ನಾನು ಮೊದಲು ಸೂಚಿಸುವುದು ಇದನ್ನೇ, ಯಾಕೆಂದರೆ ಯಾವ ಪರೀಕ್ಷೆಯೂ ಕೊಡಲಾಗದ ಮಾಹಿತಿ ಈ ಮೂರು ತಿಂಗಳಲ್ಲಿ ಸಿಗುತ್ತದೆ.

ಉತ್ತರ ಹೇಳುವ ಮುಂಚೆ ಮೇಲಧಿಕಾರಿಯ ಜೊತೆ ಅರ್ಧ ಗಂಟೆ ಕೂತು ವಿಚಾರಿಸಿ. ವಾರದಲ್ಲಿ ಎಷ್ಟು ಸಭೆ, ಅವುಗಳಲ್ಲಿ ನಾನು ನಡೆಸಬೇಕಾದವು ಎಷ್ಟು? ತಂಡದವರ ಜೊತೆ ಒಬ್ಬೊಬ್ಬರಾಗಿ ಮಾತಾಡಿ ಕೆಲಸ ನಡೆಸಲು ಆಗುತ್ತದೆಯೇ? ಶುರುವಿನಲ್ಲಿ ನನಗೆ ಕಲಿಸುವವರು ಯಾರು? ಎರಡು ವರ್ಷದ ಹಿಂದಿನ ಪರೀಕ್ಷೆಯ ವರದಿ ನನ್ನ ಕಡತದಲ್ಲಿ ಇದೆಯೇ, ಹುದ್ದೆ ನಿರ್ಧರಿಸಲು ಅದನ್ನು ನೋಡುತ್ತೀರಾ ಎಂದೂ ಕೇಳಿ. ನಾಲ್ಕು ಅಕ್ಷರಗಳ ಆ ಪರೀಕ್ಷೆಯನ್ನು ಪ್ರಕಟಿಸುವ ಸಂಸ್ಥೆಯೇ ನೇಮಕಾತಿಗೆ ಅದನ್ನು ಬಳಸಬಾರದು ಎಂದು ಹೇಳಿದೆ. ಬೇಕಾದರೆ ಅದನ್ನು ಅವರ ಗಮನಕ್ಕೆ ತನ್ನಿ.